ಬಿಲ್ಲಿನ ಬೆನ್ನಿಗೆ ಒಂದೇ ಉಂಗುರ

ನನ್ನ ಮೊದಲ ಬಿಲ್ಲು ನೋಡಲು ಬಲು ಚೆನ್ನಾಗಿತ್ತು. ಬೆನ್ನು ನುಣ್ಣಗೆ, ಚಪ್ಪಟೆಯಾಗಿ, ಸ್ಕೇಲ್ ಇಟ್ಟರೆ ಅಡಿಯಲ್ಲಿ ಬೆಳಕು ತೂರದ ಹಾಗಿತ್ತು. ಮೂರು ದಿನ ಕೂತು ಉಜ್ಜಿದ್ದೆ. ನಾಲ್ಕನೇ ದಿನ ಹೆದೆ ಏರಿಸಿ ಮೆಲ್ಲಗೆ ಎಳೆದೆ. ಐವತ್ತು ಸೆಂಟಿಮೀಟರ್ ಬಂದಿರಬೇಕು, ಟಿಕ್ ಅಂತ ಒಂದು ಸಣ್ಣ ಸದ್ದು. ಏನೂ ಇರಲಿಕ್ಕಿಲ್ಲ ಅಂತ ಮತ್ತೊಮ್ಮೆ ಎಳೆದೆ. ಈ ಸಲದ ಸದ್ದು ಪಕ್ಕದ ಮನೆಯವರಿಗೂ ಕೇಳಿಸಿತು. ಬಿಲ್ಲಿನ ಮೇಲಿನ ತೋಳು ನಡುವಿಗೇ ಮುರಿದು, ಒಂದು ಚೂರು ನನ್ನ ನೆತ್ತಿಗೆ ತಾಗಿ ಬಿತ್ತು.

ಈ ಕೆಲಸದಲ್ಲಿ ಪಳಗಿದ ಹಿರಿಯರೊಬ್ಬರಿಗೆ ತುಂಡುಗಳನ್ನು ತೋರಿಸಿದೆ. ಅವರು ಮುರಿದ ಜಾಗವನ್ನು ನೋಡಲೇ ಇಲ್ಲ. ಬೆನ್ನನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಪೆನ್ಸಿಲ್ ಮೊನೆಯಿಂದ ಏನೋ ಎಣಿಸತೊಡಗಿದರು.

"ಏನಪ್ಪಾ, ಹನ್ನೊಂದು ಉಂಗುರ ಕೊಯ್ದುಬಿಟ್ಟಿದ್ದೀಯಲ್ಲ!"

ನನಗೂ ಆಗಲೇ ಕಂಡಿದ್ದು. ಮರದ ಅಂದ ಅಂತ ನಾನು ಮೆಚ್ಚಿಕೊಂಡಿದ್ದ ಆ ಚೂಪು ಚೂಪು ಗೆರೆಗಳೆಲ್ಲ ನಾನೇ ಕತ್ತರಿಸಿದ ಉಂಗುರಗಳ, ಅಂದರೆ ಮರ ವರ್ಷಕ್ಕೊಂದರಂತೆ ಬೆಳೆದ ಪದರಗಳ ಅಂಚುಗಳು. ಮುರಿತ ಶುರುವಾಗಿದ್ದೂ ಅಂಥ ಒಂದು ಗೆರೆಯ ಮೊನೆಯಲ್ಲೇ.

ಗೊತ್ತಿಲ್ಲದವರಿಗೆ ಎರಡು ಮಾತು. ಬಿಲ್ಲು ಹಿಡಿದಾಗ ಗುರಿಯ ಕಡೆ ಇರುವ ಮೈ ಬೆನ್ನು, ನಮ್ಮ ಕಡೆ ಇರುವುದು ಹೊಟ್ಟೆ. ಹೆದೆ ಎಳೆದಾಗ ಹೊಟ್ಟೆ ಒತ್ತಿಕೊಳ್ಳುತ್ತದೆ, ಬೆನ್ನು ಹಿಗ್ಗುತ್ತದೆ. ಹೊಟ್ಟೆ ಸೋತರೆ ಬಿಲ್ಲು ಸ್ವಲ್ಪ ಬಾಗಿಯೇ ಉಳಿಯುತ್ತದೆ, ಬಾಣದ ವೇಗ ತಗ್ಗುತ್ತದೆ. ಹೇಗೋ ನಡೆಯುತ್ತದೆ. ಬೆನ್ನು ಸೋತರೆ ನೆತ್ತಿಗೆ ಚೂರು ಬೀಳುತ್ತದೆ. ಮರ ಉದ್ದಕ್ಕೆ ಎಳೆತವನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ಬೆನ್ನಿನ ಮೇಲ್ಪದರ ಈ ತುದಿಯಿಂದ ಆ ತುದಿಯವರೆಗೆ ಒಂದೇ ವರ್ಷದ ಉಂಗುರವಾಗಿ, ಎಲ್ಲೂ ತುಂಡಾಗದೆ ಇರಬೇಕು. ನಡುವೆ ಕೊಯ್ದರೆ ಆ ಅಂಚು ಸಿಬಿರಾಗಿ ಏಳುತ್ತದೆ, ಸಿಬಿರು ಬಿರುಕಾಗುತ್ತದೆ.

ಎರಡನೇ ಸಲ ನನಗೆ ಸಿಕ್ಕಿದ್ದು ಹಿಪ್ಪುನೇರಳೆಯ ಒಂದು ನೇರ ದಿಮ್ಮಿ. ಬಿಲ್ಲಿಗೆ ಹೆಸರಾದ ಓಸೇಜ್ ಆರೆಂಜ್ ಕೂಡ ಇದೇ ಕುಟುಂಬದ ಮರ. ಉತ್ತರ ಅಮೆರಿಕಕ್ಕೆ ಹೋದ ಫ್ರೆಂಚರು ಅದನ್ನು ಬ್ವಾ ದಾರ್ಕ್, ಅಂದರೆ ಬಿಲ್ಲಿನ ಮರ ಎಂದೇ ಕರೆದರು. ಎರಡರಲ್ಲೂ ತೊಗಟೆಯ ಕೆಳಗೆ ತೆಳುವಾದ ಬಿಳಿಮರ, ಅದರ ಕೆಳಗೆ ಹಳದಿ ಚೇಗು. ಬಿಲ್ಲಿಗೆ ಬೇಕಾದದ್ದು ಆ ಚೇಗು.

ದಿಮ್ಮಿಯನ್ನು ಬೆಣೆ ಹೊಡೆದು ಎರಡು ದಬ್ಬೆ ಮಾಡಿದೆ. ಗರಗಸ ಹಾಕಲಿಲ್ಲ. ಸೀಳಿದರೆ ಮರ ತನ್ನ ಎಳೆಯ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ, ಎಳೆ ಯಾವ ಕಡೆ ವಾಲಿದೆ ಅಂತ ಮೊದಲೇ ತಿಳಿಯುತ್ತದೆ. ಆಮೇಲೆ ತಡೆಯಲಾರದೆ ಒಂದು ದಬ್ಬೆಯ ತೊಗಟೆ, ಬಿಳಿಮರ ಎರಡನ್ನೂ ಆ ದಿನವೇ ತೆಗೆದುಬಿಟ್ಟೆ. ಹಸಿ ಮರ ಬೆಣ್ಣೆಯ ಹಾಗೆ ಹೆರೆಯುತ್ತದೆ, ಖುಷಿಯೋ ಖುಷಿ. ಹಳದಿ ಮೈ ಹೊಳೆಯುತ್ತಿತ್ತು. ಹಾಗೇ ಗೋಡೆಗೆ ಒರಗಿಸಿ ಮಲಗಲು ಹೋದೆ. ಮೂರನೇ ದಿನ ನೋಡಿದರೆ ಬೆನ್ನಿನ ಮೇಲೆ ಕೂದಲಿನಷ್ಟು ಸಣ್ಣ ಬಿರುಕುಗಳು. ಒಂದು ಬಿರುಕು ಎಳೆಯ ಜೊತೆ ಓರೆಯಾಗಿ ಸಾಗಿ ಅಂಚಿನಿಂದ ಆಚೆಗೇ ಹೋಗಿತ್ತು. ಆ ದಬ್ಬೆ ಒಲೆಗೆ ಹೋಯಿತು. ಚೇಗು ಬಯಲಾದ ಕೂಡಲೇ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗು ಇನ್ನೂ ಹಸಿಯಾಗಿರುತ್ತದೆ, ಬಿರುಕು ಬಿಡದೆ ಇನ್ನೇನು ಮಾಡೀತು? ಹಸಿಯಲ್ಲೇ ಬೆನ್ನು ತೆಗೆಯುವವರು ತೆಗೆದ ಗಳಿಗೆಯಲ್ಲೇ ಅದಕ್ಕೆ ಶೆಲ್ಯಾಕ್ ಎಂಬ ಅರಗಿನ ಲೇಪವನ್ನೋ ಮರ ಅಂಟಿಸುವ ಅಂಟನ್ನೋ ದಪ್ಪಗೆ ಬಳಿಯಬೇಕು.

ಇನ್ನೊಂದು ದಬ್ಬೆಯನ್ನು ತೊಗಟೆ ಸಮೇತ ಇಟ್ಟೆ. ಎರಡೂ ತುದಿಗೆ ಅಂಟು ಬಳಿದು, ನೆರಳಲ್ಲಿ ಗಾಳಿ ಆಡುವ ಕಡೆ ಒಂದು ವರ್ಷ. ತೊಗಟೆ ಇದ್ದರೆ ಹುಳ ಬಿಡುವುದಿಲ್ಲ. ತಿಂಗಳು ಕಳೆಯುವುದರಲ್ಲಿ ನೆಲದ ಮೇಲೆ ಹಿಟ್ಟಿನಂಥ ಪುಡಿ ಉದುರತೊಡಗಿತು. ನನ್ನ ಪುಣ್ಯಕ್ಕೆ ಅವು ಬಿಳಿಮರದಲ್ಲೇ ಸುರಂಗ ಕೊರೆದುಕೊಂಡು ಸುಮ್ಮನಾದವು. ಹೇಗಿದ್ದರೂ ಕೆತ್ತಿ ಬಿಸಾಡುವ ಮರ ತಾನೇ, ತಿನ್ನಲಿ ಅಂದುಕೊಂಡೆ.

ವರ್ಷದ ನಂತರ ತುದಿಯನ್ನು ಹೊಸದಾಗಿ ಕೊಯ್ದು, ನೀರು ಸವರಿ ನೋಡಿದೆ. ಉಂಗುರಗಳು ಎದ್ದು ಕಂಡವು. ಇಂಥ ಮರದಲ್ಲಿ ಪ್ರತಿ ವರ್ಷದ ಬೆಳವಣಿಗೆ ಎರಡು ಪದರ. ವರ್ಷದ ಶುರುವಿನಲ್ಲಿ ಬೆಳೆದದ್ದು ತೂತು ತೂತಾಗಿ ಸಡಿಲು. ಆಮೇಲೆ ಬೆಳೆದದ್ದು ಗಟ್ಟಿ, ಒತ್ತಾಗಿರುವ ಮರ. ಬೆನ್ನಾಗಬೇಕಾದದ್ದು ಗಟ್ಟಿ ಪದರದ ಮೈ. ಬಿಳಿಮರ ಮುಗಿದ ಮೇಲೆ ಮೂರನೆಯ ಉಂಗುರ ಸುಮಾರು 3 ಮಿಲಿಮೀಟರ್ ದಪ್ಪವಿತ್ತು. ಅದಕ್ಕೆ ಎರಡೂ ತುದಿಯಲ್ಲಿ ಪೆನ್ಸಿಲ್ ಗುರುತು ಹಾಕಿದೆ. ಮೊದಲ ಸಲದವರು ದಪ್ಪ ಉಂಗುರವನ್ನೇ ಆರಿಸಿಕೊಳ್ಳಿ. ಕೈ ಜಾರಿದರೂ ಸ್ವಲ್ಪ ತಾಳಿಕೊಳ್ಳುತ್ತದೆ.

ತೊಗಟೆ, ಬಿಳಿಮರ, ಮೇಲಿನ ಒಂದು ಉಂಗುರ ಇಷ್ಟನ್ನು ಚೂಪಾದ ಡ್ರಾನೈಫಿನಿಂದ ಧಾರಾಳವಾಗಿ ಕೆತ್ತಿದೆ. ಎರಡು ಹಿಡಿ ಇರುವ, ನಮ್ಮ ಕಡೆಗೆ ಎಳೆದುಕೊಳ್ಳುವ ಕತ್ತಿ ಅದು. ಅಲ್ಲಿಂದ ಮುಂದೆ ಆ ಚೂಪು ಕತ್ತಿಯನ್ನು ಬದಿಗಿಟ್ಟು ಮೊಂಡು ಕತ್ತಿ ತೆಗೆದುಕೊಂಡೆ. ಮೊದಲು ಇದನ್ನು ಕೇಳಿದಾಗ ನಾನೂ ನಕ್ಕಿದ್ದೆ. ಆದರೆ ಚೂಪು ಬಾಯಿ ಎಲ್ಲವನ್ನೂ ಒಂದೇ ಸಮನೆ ಕೊಯ್ದುಕೊಂಡು ಹೋಗುತ್ತದೆ, ಯಾವ ಪದರದಲ್ಲಿದ್ದೇವೆ ಅಂತ ಕೈಗೆ ತಿಳಿಯುವುದೇ ಇಲ್ಲ. ಮೊಂಡು ಬಾಯಿ ಗಟ್ಟಿ ಮರಕ್ಕೆ ಸುಲಭವಾಗಿ ಇಳಿಯುವುದಿಲ್ಲ, ಸಡಿಲು ಪದರವನ್ನು ಮಾತ್ರ ಎಬ್ಬಿಸಿ ತೆಗೆಯುತ್ತದೆ. ಕತ್ತಿಯ ಇಳಿಜಾರು ಮುಖ ಕೆಳಗೆ ಬರುವ ಹಾಗೆ ಹಿಡಿದರೆ ಅದು ಒಳಗೆ ಮುಳುಗುವುದೂ ಕಡಿಮೆ.

ಇಲ್ಲಿಂದ ಕಿವಿಯ ಕೆಲಸ. ಗಟ್ಟಿ ಪದರದಲ್ಲಿ ಕತ್ತಿ ಸರ್ ಅಂತ ಸಾಗುತ್ತದೆ, ಹೆರಕಲು ಉದ್ದವಾಗಿ ಸುರುಳಿ ಬರುತ್ತದೆ. ಸಡಿಲು ಪದರ ಮುಟ್ಟಿದ ಕೂಡಲೇ ಕರಕರ ಅನ್ನುತ್ತದೆ, ಸುರುಳಿ ನಿಂತು ಪುಡಿ ಉದುರುತ್ತದೆ. ಆ ಕರಕರ ಅಂದರೆ ನಿಧಾನ ಅಂತ ಅರ್ಥ. ನಮಗೆ ಬೇಕಾದ ಉಂಗುರದ ಗಟ್ಟಿ ಮೈ ಅದರ ಕೆಳಗೇ ಮಲಗಿರುತ್ತದೆ. ದೀಪವನ್ನು ತಲೆಯ ಮೇಲಿಂದ ತೆಗೆದು ದಬ್ಬೆಯ ತುದಿಯಲ್ಲಿ, ಮೇಜಿನ ಮಟ್ಟಕ್ಕೇ ಇಟ್ಟುಕೊಂಡೆ. ಅಡ್ಡ ಬೆಳಕಿನಲ್ಲಿ ಸಡಿಲು ಪದರ ಸೂಜಿ ಚುಚ್ಚಿದ ಹಾಗೆ ಕಾಣುತ್ತದೆ, ಗಟ್ಟಿ ಮೈ ಹೊಳೆಯುತ್ತದೆ. ಮೇಲಿನ ಬೆಳಕಿನಲ್ಲಿ ಎರಡೂ ಒಂದೇ ಹಳದಿ.

ಹಿಡಿಯ ಹತ್ತಿರ ಅಂಗೈಯಗಲ ಜಾಗದಲ್ಲಿ ಮೊದಲು ಬೇಕಾದ ಮೈಯನ್ನು ಕಂಡುಕೊಂಡೆ. ಆಮೇಲೆ ಅದನ್ನೇ ಚಾಪೆ ಬಿಡಿಸಿದ ಹಾಗೆ ಎರಡೂ ಕಡೆಗೆ ಹರಡುತ್ತ ಹೋದೆ. ಅಲ್ಲಿ ಇಲ್ಲಿ ಐದು ಕಡೆ ಶುರುಮಾಡಿದರೆ ಯಾವ ತೇಪೆ ಯಾವ ವರ್ಷದ್ದು ಅಂತ ತಲೆ ಕೆಡುತ್ತದೆ. ಬೆನ್ನು ನೇರವೂ ಇರುವುದಿಲ್ಲ. ಮರ ಎಲ್ಲಿ ಉಬ್ಬಿದೆಯೋ ಅಲ್ಲಿ ಉಂಗುರವೂ ಉಬ್ಬುತ್ತದೆ, ತಗ್ಗಿದ ಕಡೆ ತಗ್ಗುತ್ತದೆ. ಮೊದಲ ಬಿಲ್ಲಿನಲ್ಲಿ ನಾನು ಈ ಉಬ್ಬುಗಳನ್ನೇ ಅಲ್ವಾ ಸಪಾಟು ಮಾಡಿದ್ದು! ನಾಲ್ಕು ಸಂಜೆ, ಒಟ್ಟು ಏಳು ಗಂಟೆ ಹಿಡಿಯಿತು. ಅದರಲ್ಲಿ ಒಂದೂವರೆ ಗಂಟೆ ಒಂದೇ ಒಂದು ಗಂಟಿಗೆ ಹೋಯಿತು.

ಆ ಗಂಟು ಕೆಳಗಿನ ತೋಳಿನ ನಡುವೆ ಇತ್ತು, ಕಿರುಬೆರಳಿನ ಉಗುರಿನಷ್ಟು. ಕೊಂಬೆ ಹೊರಟ ಜಾಗದಲ್ಲಿ ಪ್ರತಿ ಉಂಗುರವೂ ಕೊಂಬೆಯ ಬುಡವನ್ನು ಹತ್ತಿಕೊಂಡು ಮೇಲೇಳುತ್ತದೆ. ಗುಡ್ಡ ಅಂತ ಗೊತ್ತಿಲ್ಲದೆ ಕತ್ತಿಯನ್ನು ನೇರ ಎಳೆದರೆ ಗುಡ್ಡದ ತಲೆ ಹಾರಿಹೋಗುತ್ತದೆ. ಅದಕ್ಕೆ ಗಂಟು ಇನ್ನೂ ಎರಡು ಬೆರಳು ದೂರ ಇರುವಾಗಲೇ ಡ್ರಾನೈಫ್ ಕೆಳಗಿಟ್ಟೆ. ದುಂಡು ಮೂತಿಯ ಸಣ್ಣ ಸ್ಕ್ರೇಪರ್ ಹಿಡಿದು ಸುತ್ತಲೂ ಹೆರೆದೆ. ಗಂಟಿನ ಹತ್ತಿರ ಎಳೆ ದಿಕ್ಕು ಬದಲಿಸುತ್ತಲೇ ಇರುತ್ತದೆ. ಒಂದು ಕಡೆಯಿಂದ ಎಳೆದರೆ ಸಲೀಸು, ಎದುರು ಕಡೆಯಿಂದ ಕಿತ್ತುಕೊಂಡು ಬರುತ್ತದೆ. ಮೂರು ಎಳೆತ, ಊದಿ ಪುಡಿ ಹಾರಿಸುವುದು, ಬೆಳಕಿಗೆ ನೋಡುವುದು, ಮತ್ತೆ ಮೂರು ಎಳೆತ. ಕೊನೆಗೆ ಗಂಟಿನ ಸುತ್ತ ಗಟ್ಟಿ ಮರದ ಒಂದು ಪುಟ್ಟ ದಿಬ್ಬ ಉಳಿಯಿತು, ಕೊರಳಪಟ್ಟಿ ಹಾಕಿದ ಹಾಗೆ. ಅದರ ತುತ್ತತುದಿಯಲ್ಲಿ ಮೇಲಿನ ಉಂಗುರದ ಚೂರು ಇನ್ನೂ ಅಂಟಿತ್ತು. ಅದನ್ನು ಅಲ್ಲೇ ಬಿಟ್ಟೆ. ಗಂಟಿನ ಬಳಿ ಒಂದು ಚೂರು ಜಾಸ್ತಿ ಮರ ಇದ್ದರೆ ಯಾರಿಗೂ ನಷ್ಟವಿಲ್ಲ.

ಇಷ್ಟೆಲ್ಲ ಮಾಡಿ, ಮೂರನೇ ಸಂಜೆ ಮೇಲಿನ ತೋಳಿನಲ್ಲಿ ಕೆಟ್ಟೆ. ಸುಸ್ತಾಗಿತ್ತು, ಇನ್ನೊಂದು ಗೇಣು ಮುಗಿಸಿಯೇ ಏಳೋಣ ಅಂದುಕೊಂಡೆ. ಕತ್ತಿ ಮುಳುಗಿ ಬೇಕಾದ ಉಂಗುರವನ್ನೇ ಸೀಳಿಕೊಂಡು ಎದ್ದಿತು. ಉಗುರಿನಷ್ಟು ಗಾಯ, ಆದರೆ ತೋಳು ಜಾಸ್ತಿ ಬಾಗುವ ಜಾಗದಲ್ಲೇ. ಅದರ ಮೇಲೆ ನಾರುಬಟ್ಟೆ, ರೇಷ್ಮೆ ಅಥವಾ ಹಸಿ ತೊಗಲು ಅಂಟಿಸಿ ಬೆನ್ನನ್ನು ಕಾಪಾಡಬಹುದು. ಪ್ರಾಣಿಯ ಸ್ನಾಯುವನ್ನು ಮೂಳೆಗೆ ಬಿಗಿಯುವ ನಾರನ್ನು ಅಂಟಿನಲ್ಲಿ ನೆನೆಸಿ ಕೂರಿಸುವ ಹಳೆಯ ಪದ್ಧತಿಯೂ ಇದೆ. 1911ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಡಿನಿಂದ ಹೊರಬಂದ ಯಾಹಿ ಜನಾಂಗದ ಇಶಿ ತನ್ನ ಬಿಲ್ಲುಗಳಿಗೆ ಅಂಥ ನಾರನ್ನೇ ಹೊದಿಸುತ್ತಿದ್ದ. ನನ್ನ ದಬ್ಬೆಯಲ್ಲಿ ಇನ್ನೂ ಬೇಕಾದಷ್ಟು ದಪ್ಪವಿತ್ತು. ಹಾಗಾಗಿ ಇಡೀ ಬೆನ್ನನ್ನು ಒಂದು ಉಂಗುರ ಕೆಳಗೆ ಇಳಿಸಿದೆ. ಆ ಗಂಟಿನ ಸುತ್ತ ಪಟ್ಟ ಪಾಡನ್ನು ಇನ್ನೊಮ್ಮೆ ಪಟ್ಟೆ. ಮೇಲೆ ಹೇಳಿದ ಏಳು ಗಂಟೆಯಲ್ಲಿ ಇದು ಸೇರಿಲ್ಲ.

ಎಲ್ಲ ಮರಕ್ಕೂ ಇಷ್ಟು ಗೋಳಿಲ್ಲ. ಹಿಕ್ಕರಿ, ಎಲ್ಮ್, ಆ್ಯಶ್, ಮೇಪಲ್‌ನಂಥ ಬಿಳಿ ಬಣ್ಣದ ಮರಗಳಲ್ಲಿ ತೊಗಟೆಯ ಕೆಳಗಿನ ಮೈಯೇ ಬೆನ್ನು. ಮರದಲ್ಲಿ ರಸ ಏರುವ ಕಾಲದಲ್ಲಿ ಕಡಿದರೆ ತೊಗಟೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬರುತ್ತದೆ, ಕತ್ತಿ ತಾಗಿಸುವುದೇ ಬೇಡ. ಯೂ ಮರದ್ದು ಇನ್ನೊಂದು ಬಗೆ. ಅದರ ಬಿಳಿಮರ ಎಳೆತಕ್ಕೆ ಒಳ್ಳೆಯದು, ಹಾಗಾಗಿ ಅದನ್ನು ಬಿಸಾಡದೆ ತೆಳುವಾಗಿಸಿ ಬೆನ್ನಿನಲ್ಲೇ ಉಳಿಸಿಕೊಳ್ಳುತ್ತಾರೆ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗನ್ನು 1982ರಲ್ಲಿ ಮೇಲೆತ್ತಿದರು. ಅದರಲ್ಲಿ ಸಿಕ್ಕ ನೂರಕ್ಕೂ ಹೆಚ್ಚು ಯೂ ಬಿಲ್ಲುಗಳ ಬೆನ್ನಿನಲ್ಲಿ ಆ ಬಿಳಿಮರ ಇದೆ.

ಕಡೆಯ ಕೆಲಸ ಸುಲಭ. ಉಳಿದ ಕರಕರವನ್ನೆಲ್ಲ ಸ್ಕ್ರೇಪರಿನಿಂದ ಒರೆಸಿದ ಹಾಗೆ ತೆಗೆದೆ. 220 ನಂಬರಿನ ಸ್ಯಾಂಡ್ ಪೇಪರನ್ನು ಕೈಬೆರಳಿನಲ್ಲೇ ಹಿಡಿದು, ಉದ್ದಕ್ಕೆ ಮಾತ್ರ ಆಡಿಸಿದೆ. ಮರದ ತುಂಡಿಗೆ ಸುತ್ತಿ ಉಜ್ಜಿದರೆ ಮತ್ತೆ ಉಬ್ಬುಗಳ ತಲೆ ಹಾರುತ್ತದೆ. ಸಿಬಿರು ಏಳಲು ಚೂಪು ಮೂಲೆಗಿಂತ ಒಳ್ಳೆಯ ಜಾಗ ಇಲ್ಲ, ಅದಕ್ಕೆ ಬೆನ್ನಿನ ಎರಡೂ ಅಂಚುಗಳನ್ನು ದುಂಡಗೆ ಮಾಡಿದೆ. ಆಮೇಲೆ ಚಮಚದ ಬೆನ್ನಿನಿಂದ ಬಿಲ್ಲಿನ ಬೆನ್ನನ್ನು ಒತ್ತಿ ಒತ್ತಿ ತಿಕ್ಕಿದೆ.

ಹೊಟ್ಟೆಯ ಕಡೆ ಕೆತ್ತಿ ಎರಡೂ ತೋಳು ಸಮನಾಗಿ ಬಾಗುವ ಹಾಗೆ ಮಾಡಲು ಇನ್ನೊಂದು ವಾರ ಬೇಕಾಯಿತು. ಎಳೆದಾಗೆಲ್ಲ ಉಸಿರು ಬಿಗಿಹಿಡಿದು ಕೇಳುತ್ತಿದ್ದೆ. ಟಿಕ್ ಬರಲಿಲ್ಲ. 70 ಸೆಂಟಿಮೀಟರ್ ಎಳೆದರೂ ಬರಲಿಲ್ಲ.

ಬಿಲ್ಲನ್ನು ಆ ಹಿರಿಯರ ಹತ್ತಿರ ಒಯ್ದೆ. ಅವರು ಎಂದಿನಂತೆ ಕಿಟಕಿಯ ಬಳಿ ಹೋಗಿ ಓರೆಯಾಗಿ ಹಿಡಿದು, ಜೇಬಿನಿಂದ ಪೆನ್ಸಿಲ್ ತೆಗೆದರು. ಈ ತುದಿಯಿಂದ ಆ ತುದಿಗೆ ನೋಡಿದರು. ಎಣಿಸಲು ಏನೂ ಸಿಗಲಿಲ್ಲ. ಆಮೇಲೆ ಕೆಳಗಿನ ತೋಳಿನ ಗಂಟಿನ ಸುತ್ತ ಹೆಬ್ಬೆರಳು ಆಡಿಸಿದರು.

"ಇಲ್ಲಿ ಇನ್ನೂ ಸ್ವಲ್ಪ ಕರಕರ ಉಳಿದಿದೆ ನೋಡು."

ಹೌದು, ಉಳಿದಿತ್ತು. ಮನೆಗೆ ಬಂದು ಸ್ಕ್ರೇಪರ್ ಹುಡುಕಿದೆ.