ಮೀನಖಂಡದ ಎಳೆಗಳನ್ನು ನಾನು ಅಳೆಯುವ ರೀತಿ

ನಾನು ಕಲಬುರಗಿಯಲ್ಲಿ ಫಿಸಿಯೋಥೆರಪಿಸ್ಟ್. ಕಬಡ್ಡಿ ಹುಡುಗರ ಮೀನಖಂಡವನ್ನು ಅಲ್ಟ್ರಾಸೌಂಡ್ ಚಿತ್ರದಲ್ಲಿ ಅಳೆಯುತ್ತೇನೆ. ನೋಡುವುದು ಸ್ನಾಯುವಿನ ದಪ್ಪ, ಎಳೆಕಟ್ಟಿನ ಉದ್ದ, ಆ ಕಟ್ಟು ಕೆಳಗಿನ ಪೊರೆಗೆ ಸೇರುವ ಕೋನ, ಅಂದರೆ ಪೆನೇಷನ್ ಆಂಗಲ್.

ಮೆಷಿನ್ ಮೈದಾನಕ್ಕೆ ಒಯ್ಯುವ ಹಾಗಿಲ್ಲ, ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆ ಇದೆ ಅಲ್ವಾ. ಹುಡುಗರೇ ಸ್ಕ್ಯಾನಿಂಗ್ ಸೆಂಟರಿಗೆ ಬರುತ್ತಾರೆ. ಪ್ರೋಬ್, ಅಂದರೆ ಚರ್ಮದ ಮೇಲೆ ಇಡುವ ಮೆಷಿನ್‌ನ ಹಿಡಿಕೆ, ಹಿಡಿಯುವುದು ರೇಡಿಯಾಲಜಿ ಡಾಕ್ಟರ್. ಪ್ರಾಕ್ಟೀಸ್ ಮುಗಿಸಿ ಬಂದವರನ್ನು ಮೊದಲು ಸುಮ್ನೆ ಮಲಗಿಸುತ್ತೇನೆ. ಆಡಿದ ತಕ್ಷಣ ಸ್ನಾಯು ಉಬ್ಬಿರುತ್ತದೆ.

ಬೋರಲು ಮಲಗಿಸಿ, ಪಾದವನ್ನು ಹಲಗೆಗೆ ಒತ್ತಿಸಿ 90 ಡಿಗ್ರಿಗೆ ನಿಲ್ಲಿಸಬೇಕು. ಮಂಡಿ ಹಿಂದಿನ ಗೆರೆಯಿಂದ ಪಾದದ ಹೊರಬದಿಯ ಗಿಣ್ಣಿನವರೆಗೆ ಟೇಪ್ ಹಿಡಿದು, ಮೇಲಿನಿಂದ ಶೇ. 30ರಷ್ಟು ದೂರದಲ್ಲಿ, ಒಳಬದಿಯ ಸ್ನಾಯುವಿನ ನಡುವೆ ಪೆನ್ನಿನಿಂದ ಗುರುತು ಹಾಕುತ್ತೇನೆ. ಜೆಲ್ ದಪ್ಪಗೆ ಇರಲಿ. "ಸರ್, ಸ್ವಲ್ಪ ಹಗುರಕ್ಕೆ ಹಿಡೀರಿ" ಅಂತ ಪ್ರತಿ ಸಲ ಹೇಳುತ್ತೇನೆ. ಒತ್ತಿದರೆ ದಪ್ಪ ಕಡಿಮೆ ಬರುತ್ತದೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹೋಗುವುದು ಪ್ರೋಬ್ ತಿರುಗಿಸುವುದರಲ್ಲಿ. ಮೇಲಿನ ಪೊರೆ, ಕೆಳಗಿನ ಪೊರೆ ಎರಡೂ ಬಿಳಿ ಗೆರೆಗಳಾಗಿ ಸ್ಪಷ್ಟವಾಗಿ ಕಾಣಬೇಕು. ನಡುವಿನ ಎಳೆಗಳು ಓರೆಯಾಗಿ, ತುಂಡಾಗದೆ ಓಡಬೇಕು. ತುಂಡು ತುಂಡಾಗಿ ಕಂಡರೆ ಪ್ರೋಬ್ ಎಳೆಗಳ ಸಾಲಿನಲ್ಲಿಲ್ಲ ಎಂದರ್ಥ. ಕೂದಲೆಳೆಯಷ್ಟು ತಿರುಗಿಸಿದರೂ ಚಿತ್ರ ಬದಲಾಗುತ್ತದೆ.

ಚಿತ್ರಗಳನ್ನು ಪೆನ್‌ಡ್ರೈವಿನಲ್ಲೇ ತರುತ್ತೇನೆ, ವಾಟ್ಸಾಪಿನಲ್ಲಿ ಅಲ್ಲ. ಅಲ್ಲಿ ಚಿತ್ರ ಕುಗ್ಗಿ ಸಣ್ಣ ಗೆರೆಗಳು ಮಸುಕಾಗುತ್ತವೆ. ಅಳೆಯುವುದು ಇಮೇಜ್‌ಜೆ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ. ಮೊದಲು ಪಕ್ಕದ ಆಳದ ಅಳತೆಪಟ್ಟಿ ಮೇಲೆ ಗೆರೆ ಎಳೆದು 'ಸೆಟ್ ಸ್ಕೇಲ್' ಮಾಡಬೇಕು. ಆಮೇಲೆ ಕೋನ, ದಪ್ಪ. ಎಳೆ ಚಿತ್ರದಿಂದ ಹೊರಗೆ ಹೋಗಿದ್ದರೆ ದಪ್ಪವನ್ನು ಕೋನದ ಸೈನ್‌ನಿಂದ ಭಾಗಿಸುತ್ತೇನೆ. ಎರಡು ಪೊರೆಗಳೂ ಹೆಚ್ಚುಕಡಿಮೆ ಸಮಾನಾಂತರವಾಗಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ದಪ್ಪ 2 ಸೆಂ.ಮೀ., ಕೋನ 20 ಡಿಗ್ರಿ ಇದ್ದರೆ ಉದ್ದ 5.8 ಸೆಂ.ಮೀ. ಅದೇ ಕೋನ 18 ಅಂತ ಓದಿದರೆ 6.5! ಎರಡೇ ಡಿಗ್ರಿಗೆ ಇಷ್ಟು ಅಂತರ. ಹುಡುಗನ ಎಳೆ ಬೆಳೆದಿದೆ ಅಂತ ಕೋಚ್ ಖುಷಿಪಡಲು ಅಷ್ಟು ಸಾಕು. ಅದಕ್ಕೇ ಒಂದೇ ಚಿತ್ರ ನಂಬುವುದಿಲ್ಲ, ಮೂರರ ಸರಾಸರಿ ತೆಗೆಯುತ್ತೇನೆ. ಅಳೆಯುವಾಗ ಹೆಸರು ಮುಚ್ಚಿರುತ್ತೇನೆ.

2020ರಲ್ಲಿ ಬಂದ ಎಸ್‌ಎಂಎ ಎಂಬ ಮ್ಯಾಕ್ರೋ, ಅಂದರೆ ಇಮೇಜ್‌ಜೆ ಒಳಗೆ ಓಡುವ ಪುಟ್ಟ ಪ್ರೋಗ್ರಾಂ, ಈ ಕೆಲಸವನ್ನು ತಾನೇ ಮಾಡುತ್ತದೆ. ಚಿತ್ರಗಳು ಜಾಸ್ತಿ ಇದ್ದಾಗ ಬಳಸುತ್ತೇನೆ. ಆದರೆ ಅದು ಎಳೆದ ಗೆರೆ ಪೊರೆಯ ಮೇಲೇ ಕೂತಿದೆಯಾ ಅಂತ ಒಂದೊಂದನ್ನೂ ನೋಡುತ್ತೇನೆ.

ತಿಂಗಳುಗಳ ನಂತರ ಅದೇ ಜಾಗ ಸಿಗಬೇಕಲ್ಲ? ಪಾರದರ್ಶಕ ಹಾಳೆಯನ್ನು ಕಾಲ ಮೇಲಿಟ್ಟು ಮಚ್ಚೆ, ಹಳೆ ಗಾಯದ ಕಲೆ, ನನ್ನ ಗುರುತು ಮೂರನ್ನೂ ಬರೆದುಕೊಂಡು ಹುಡುಗನ ಫೈಲಿನಲ್ಲಿ ಇಡುತ್ತೇನೆ.