ಪಾಲಿನ ದಾವೆಯಲ್ಲಿ ನನ್ನ ಪರ ನಾನೇ ನಿಂತೆ

ಅಪ್ಪನ ಆಸ್ತಿಯಲ್ಲಿ ಪಾಲು ಕೇಳಿದ ಹೆಣ್ಣುಮಕ್ಕಳಿಗೆ ಎದುರಾಗುವುದು ಅಣ್ಣತಮ್ಮಂದಿರು ಮಾತ್ರ ಅಲ್ಲ. ದುಡ್ಡು ಕೊಟ್ಟು ನಾವೇ ಇಟ್ಟುಕೊಂಡ ವಕೀಲರೂ ಕೆಲವು ಸಲ ಆ ಕಡೆ ವಾಲಿರುತ್ತಾರೆ. ನನಗೆ ಆದದ್ದು ಅದೇ. ಕೊನೆಗೆ ವಕಾಲತ್ತು (ನನ್ನ ಪರ ಕೇಸು ನಡೆಸಲು ವಕೀಲರಿಗೆ ಕೊಟ್ಟ ಅಧಿಕಾರಪತ್ರ) ರದ್ದು ಮಾಡಿಸಿ ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲಿ ನಾನೇ ಕೇಸು ನಡೆಸಿದೆ. ನಾನು ಕಾನೂನು ಓದಿದವಳಲ್ಲ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಹಾಗೆಯೇ ಸಿಕ್ಕಿಕೊಂಡವರಿಗೆ ಉಪಯೋಗವಾಗಲಿ ಅಂತ ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ.

ಜಮೀನು 3 ಎಕರೆ 12 ಗುಂಟೆ, ತಾತನ ಕಾಲದ್ದು. ಅಪ್ಪ ತೀರಿಕೊಂಡದ್ದು 2003ರಲ್ಲಿ, ಅಮ್ಮ ಅದಕ್ಕೂ ಮೊದಲೇ. ಅಣ್ಣ ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರಿಗೆ ಬದಲಾಯಿಸುವುದು) ಅಂತ ಪೂರ್ತಿ ತನ್ನ ಹೆಸರಿಗೆ ಮಾಡಿಸಿಕೊಂಡ. ನಾನೂ ತಂಗಿಯೂ ಹಕ್ಕು ಬಿಟ್ಟುಕೊಟ್ಟಿದ್ದೇವೆ ಅಂತ ಒಂದು ಪತ್ರವನ್ನೂ ತೋರಿಸಿದ. ನೋಂದಣಿ ಆಗದ ಪತ್ರ. 2018ರಲ್ಲಿ ದಾವೆ ಹೂಡಿದೆ. ಅಣ್ಣ ಒಂದನೇ ಪ್ರತಿವಾದಿ, ತಂಗಿ ಎರಡನೆಯವಳು.

ನಮ್ಮ ವಕೀಲರದ್ದು ಯಾವಾಗಲೂ ಒಂದೇ ಮಾತು: "ನೀವು ಬರೋದು ಬೇಡಮ್ಮ, ನಾನು ನೋಡ್ಕೋತೀನಿ." ಅವರು ಏನು ನೋಡಿಕೊಂಡರು ಅನ್ನುವುದು ಗೊತ್ತಾದದ್ದು ಇ-ಕೋರ್ಟ್ಸ್ ಆ್ಯಪ್‌ನಿಂದ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ಅದನ್ನು ಹಾಕಿದರೆ ಯಾವ ದಿನ ಏನಾಯಿತು, ಮುಂದಿನ ವಾಯಿದೆ ಯಾವಾಗ ಅಂತ ಫೋನಿನಲ್ಲೇ ಕಾಣುತ್ತದೆ. ನಮ್ಮ ಕೇಸಿನಲ್ಲಿ ವಾಯಿದೆ ಮೇಲೆ ವಾಯಿದೆ. "ವಾದಿ ಪರ ವಕೀಲರು ಗೈರು." ಮತ್ತೆ ಗೈರು. 2021ರ ಹೊತ್ತಿಗೆ "ವಾದಿಯ ಸಾಕ್ಷ್ಯ ಇಲ್ಲವೆಂದು ಪರಿಗಣಿಸಲಾಗಿದೆ" ಅನ್ನುವ ಸಾಲು. ನನ್ನ ಕೇಸಿನಲ್ಲಿ ನನಗೇ ಸಾಕ್ಷಿ ಹೇಳುವ ಅವಕಾಶ ಮುಚ್ಚಿಹೋಗಿತ್ತು, ನನಗೆ ಒಂದು ಮಾತೂ ತಿಳಿಸಿರಲಿಲ್ಲ. ಅದೇ ವಾರ ಅವರ ಗುಮಾಸ್ತ ರಾಜಿ ಅರ್ಜಿ ಹಿಡಿದು ಮನೆಗೆ ಬಂದ. ಕೊನೆಯ ಪುಟ ಖಾಲಿ. ಕೆಳಗೆ ಸಹಿ ಹಾಕುವ ಜಾಗಕ್ಕೆ ಮಾತ್ರ ಪೆನ್ಸಿಲ್ ಗುರುತು. ನಾನು ಸಹಿ ಹಾಕಲಿಲ್ಲ.

ಇದನ್ನು ಒತ್ತಿ ಹೇಳಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 3ರ ಪ್ರಕಾರ ರಾಜಿ ಬರವಣಿಗೆಯಲ್ಲಿ ಇರಬೇಕು, ಸಹಿ ಇರಬೇಕು. ಒಮ್ಮೆ ರಾಜಿ ಡಿಕ್ರಿ ಆದರೆ ಅದನ್ನು ಪ್ರಶ್ನಿಸಿ ಬೇರೆ ದಾವೆ ಹೂಡಲು ನಿಯಮ 3ಎ ಬಿಡುವುದಿಲ್ಲ. ಅದೇ ಕೋರ್ಟಿಗೆ ಹೋಗಿ ಮೋಸ ಆಯಿತು ಅಂತ ಅರ್ಜಿ ಹಾಕಬೇಕು. ಅಷ್ಟರಲ್ಲಿ ಜಮೀನು ಯಾರದೋ ಕೈ ಸೇರಿರುತ್ತದೆ. ಖಾಲಿ ಕಾಗದಕ್ಕೆ ಸಹಿ ಕೇಳುವ ವಕೀಲರನ್ನು ಅವತ್ತೇ ಬಿಡಬೇಕು.

ಬಿಡುವುದು ಹೇಗೆ? ಆದೇಶ 3, ನಿಯಮ 1ರ ಪ್ರಕಾರ ಪಕ್ಷಗಾರರು ತಾವೇ ಹಾಜರಾಗಬಹುದು. ಆದರೆ ಒಮ್ಮೆ ಕೊಟ್ಟ ವಕಾಲತ್ತು ತಾನಾಗಿ ಹೋಗುವುದಿಲ್ಲ. ನಿಯಮ 4ರ ಪ್ರಕಾರ ಕೋರ್ಟಿನ ಅನುಮತಿ ಪಡೆದು ಬರವಣಿಗೆಯಲ್ಲಿ ರದ್ದು ಮಾಡಬೇಕು. ಮೊದಲು ವಕೀಲರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಕಳಿಸಿದೆ. ಅದರ ಸ್ವೀಕೃತಿ ಚೀಟಿ ಲಗತ್ತಿಸಿ ಕೋರ್ಟಿಗೆ ಅರ್ಜಿ ಕೊಟ್ಟೆ. ಅವರು ಫೈಲು ಕೊಡಲಿಲ್ಲ. ಬಾಕಿ ಫೀಸು ಕೊಡಿ, ಇಲ್ಲದಿದ್ದರೆ ಬರುವ ಪಾಲಿನಲ್ಲಿ ಹತ್ತು ಗುಂಟೆ ಬರೆದುಕೊಡಿ ಅಂದರು. ಎರಡೂ ತಪ್ಪು. ಫೀಸು ಬಾಕಿ ಇದೆ ಅಂತ ಕಕ್ಷಿದಾರರ ಫೈಲನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಗೆದ್ದ ಆಸ್ತಿಯಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮಗಳೇ ನಿಷೇಧಿಸಿವೆ.

ಫೈಲಿಗಾಗಿ ಜಗಳ ಆಡುತ್ತ ಕೂರಲಿಲ್ಲ. ನಕಲು ಶಾಖೆಯಲ್ಲಿ ಅರ್ಜಿ ಹಾಕಿ ಇಡೀ ಕೇಸಿನ ದೃಢೀಕೃತ ನಕಲು ತೆಗೆಸಿದೆ. ದಾವಾಪತ್ರ, ಅಣ್ಣನ ಜವಾಬು, ದಿನದಿನದ ಆರ್ಡರ್ ಶೀಟು, ಎಲ್ಲಾ. ನಾನು ಮಾಡಿದ ಕೆಲಸಗಳಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ರಾತ್ರಿ ಕೂತು ಓದಿದರೆ, ನಮ್ಮ ವಕೀಲರು ಏನು ಹೇಳಿದ್ದರು, ಏನನ್ನು ಹೇಳದೆ ಬಿಟ್ಟಿದ್ದರು ಅನ್ನುವುದು ಪೂರ್ತಿ ಗೊತ್ತಾಯಿತು. ಆಮೇಲೆ ಸಾಕ್ಷ್ಯದ ಹಂತ ಮತ್ತೆ ತೆರೆಯಲು ಅರ್ಜಿ ಹಾಕಿದೆ. ನ್ಯಾಯಾಧೀಶರು ಖರ್ಚು ಹಾಕಿ ಒಪ್ಪಿದರು.

ನಾನು ನನ್ನ ಪರ ಮಾತ್ರ ಮಾತಾಡಬಹುದು, ತಂಗಿಯ ಪರ ಅಲ್ಲ. ಇದು ಸುಮಾರು ಜನರಿಗೆ ಗೊತ್ತಿಲ್ಲ. ಜಿಪಿಎ, ಅಂದರೆ ಅವಳ ಪರ ವ್ಯವಹರಿಸುವ ಅಧಿಕಾರಪತ್ರ ಬರೆಸಿಕೊಂಡರೂ ವಾದ ಮಾಡಲು ಕೋರ್ಟಿನ ಅನುಮತಿ ಬೇಕೇ ಬೇಕು. ಅದಕ್ಕೇ ತಂಗಿ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದಳು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಅವಳಿಗೆ ಸಿಕ್ಕ ಹುಡುಗಿ ತುಂಬ ಪ್ರಾಮಾಣಿಕಳು. "ನನಗೂ ಪಾಲು ಬೇಕು, ನಾನು ಹಕ್ಕು ಬಿಟ್ಟಿಲ್ಲ" ಅನ್ನುವ ಜವಾಬನ್ನು ನೀಟಾಗಿ ಹಾಕಿಸಿದಳು. ಎಲ್ಲಾ ವಕೀಲರೂ ಹೀಗೆಯೇ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಎದುರು ವಕೀಲರ ಆಟ ಬೇರೆ ಥರ. ಅರ್ಜಿ ಹಾಕುತ್ತಿದ್ದರು, ನಕಲು ಕೊಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತು "ಮೇಡಂ, ಇವತ್ತು ನಿಮ್ಮ ಕೇಸು ಬರಲ್ಲ, ಹೊರಡಿ" ಅನ್ನುತ್ತಿದ್ದರು. ಹೊರಟಿದ್ದರೆ ಗೈರುಹಾಜರಿಗಾಗಿ ದಾವೆ ವಜಾ ಆಗುತ್ತಿತ್ತು. ಹಾಗೆ ಆದರೆ 30 ದಿನದೊಳಗೆ ಮರುಸ್ಥಾಪನೆಗೆ ಅರ್ಜಿ ಹಾಕಬೇಕು. ನಾನು ಬೆಂಚ್ ಕ್ಲರ್ಕ್ ಬಾಯಲ್ಲೇ ಮುಂದಿನ ತಾರೀಕು ಕೇಳಿಕೊಂಡು ಹೊರಡುತ್ತಿದ್ದೆ. ನಕಲು ಕೊಡದೆ ಅರ್ಜಿ ಹಾಕಿದಾಗ ಎದ್ದು ನಿಂತು, "ಸ್ವಾಮಿ, ನನಗೆ ನಕಲು ಸಿಕ್ಕಿಲ್ಲ, ಆರ್ಡರ್ ಶೀಟಿನಲ್ಲಿ ಬರೆಸಿಕೊಳ್ಳಬೇಕು" ಅನ್ನುತ್ತಿದ್ದೆ. ಒಂದೆರಡು ಸಲ ಹಾಗೆ ದಾಖಲಾದ ಮೇಲೆ ನಕಲು ತಾನಾಗಿ ಬರತೊಡಗಿತು.

ನನಗೆ ಈಗಲೂ ಸಿಟ್ಟು ಬರುವುದು ಒಂದು ವಿಷಯಕ್ಕೆ. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟದ್ದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ; ಅಪ್ಪ ಅದಕ್ಕೆ ಮೊದಲೇ ತೀರಿಕೊಂಡದ್ದರಿಂದ ನಮಗೆ ಸಮಪಾಲು ಇಲ್ಲ ಎಂದು ಎದುರು ವಕೀಲರು ವಾದಿಸಿದರು. ಕೈಯಲ್ಲಿ ಪ್ರಕಾಶ್ ವಿರುದ್ಧ ಫೂಲವತಿ ತೀರ್ಪು. 2015ರದ್ದು, ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಕೇಸು. ಆದರೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿದೆ. ಮಗಳಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ಅಪ್ಪ ಬದುಕಿರಬೇಕು ಅಂತೇನೂ ಇಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ವಿಭಾಗ ಆಗಿದ್ದರೆ ಮಾತ್ರ ಬೇರೆ ಮಾತು. ಅಷ್ಟು ವರ್ಷದ ಅನುಭವ ಇರುವ ವಕೀಲರಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ. ಎದುರಿಗೆ ಮೇಷ್ಟ್ರಮ್ಮ ನಿಂತಿದ್ದಾಳೆ, ಅವಳಿಗೇನು ತಿಳಿಯುತ್ತದೆ ಅನ್ನುವ ಧೈರ್ಯ. ತೀರ್ಪಿನ ಪ್ರತಿ ಸುಪ್ರೀಂ ಕೋರ್ಟಿನ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಬೇಕಾದ ಪ್ಯಾರಾಕ್ಕೆ ಗೆರೆ ಎಳೆದು ನ್ಯಾಯಾಧೀಶರಿಗೂ ಅವರಿಗೂ ಒಂದೊಂದು ಕೊಟ್ಟೆ.

ಇನ್ನು ಆ ಪತ್ರ. ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಲೇಬೇಕು. ಮುದ್ರಾಂಕ ಶುಲ್ಕವೂ ಸರಿಯಾಗಿ ಕಟ್ಟಿರಬೇಕು. ಮುದ್ರಾಂಕದ ಆಕ್ಷೇಪಣೆಯನ್ನು ದಾಖಲೆಗೆ ನಿಶಾನೆ ಹಾಕುವ (ಸಾಕ್ಷ್ಯವಾಗಿ ನಂಬರ್ ಕೊಟ್ಟು ಗುರುತಿಸುವ) ಗಳಿಗೆಯಲ್ಲೇ ಎತ್ತಬೇಕು, ನಿಶಾನೆ ಬಿದ್ದ ಮೇಲೆ ಎತ್ತಿದರೆ ನಡೆಯುವುದಿಲ್ಲ. ನಾನು ಆಗಲೇ ಎದ್ದು ನಿಂತೆ. ಅಣ್ಣ ಶುಲ್ಕವನ್ನೂ ದಂಡವನ್ನೂ ಕಟ್ಟಿ, ಹಕ್ಕು ಬಿಟ್ಟದ್ದಕ್ಕೆ ಪುರಾವೆಯಾಗಿ ಅಲ್ಲ, ಪೂರಕ ಉದ್ದೇಶಕ್ಕೆ ಅಂತ ಪತ್ರವನ್ನು ದಾಖಲಿಸಿದ. ಆಮೇಲೆ ಪಾಟೀ ಸವಾಲು.

ಪತ್ರವನ್ನು ನಾನು ಮನೆಯಲ್ಲಿ ಎಷ್ಟೋ ಸಲ ಓದಿದ್ದೆ. ಮೇಲೆ ಹಾಕಿದ ವರ್ಷ 2011. ಪಕ್ಕದಲ್ಲಿ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ, ಪೋಡಿ (ಜಮೀನು ಅಳೆದು ಬೇರೆ ಮಾಡಿದ) ನಕ್ಷೆ ಇಟ್ಟುಕೊಂಡು ತಾಳೆ ನೋಡಿದಾಗ ವಿಷಯ ಸಿಕ್ಕಿತು. ನಮ್ಮ ಜಮೀನು ಮೊದಲು ದೊಡ್ಡಪ್ಪನ ಮಕ್ಕಳದ್ದರ ಜೊತೆ ಸರ್ವೆ ನಂಬರ್ 47/2ರಲ್ಲಿ ಸೇರಿತ್ತು. 2016ರಲ್ಲಿ ಪೋಡಿ ಆಗಿ ನಮ್ಮದಕ್ಕೆ 47/5 ಅಂತ ಹೊಸ ಹಿಸ್ಸಾ ನಂಬರ್ ಬಂತು. ಪಹಣಿಯ 10ನೇ ಕಾಲಂನಲ್ಲಿ ಎಂಆರ್ (ಮ್ಯುಟೇಶನ್ ರಿಜಿಸ್ಟರ್) ನಂಬರ್ ಸಮೇತ ಇದೆ.

ಕಟಕಟೆಯಲ್ಲಿ ಅಣ್ಣ. ಮನೆಯಲ್ಲಿ "ನೀನು" ಅಂತಿದ್ದವನನ್ನು ಅಲ್ಲಿ "ನೀವು" ಅನ್ನಬೇಕಾಯಿತು.

"ಈ ಪತ್ರ 2011ರಲ್ಲಿ ಬರೆದದ್ದು, ಅಲ್ವಾ?"

"ಹೌದು."

"ಪೂರ್ತಿ ಅವತ್ತೇ ಬರೆದದ್ದು? ಆಮೇಲೆ ಏನೂ ಸೇರಿಸಿಲ್ಲ?"

"ಏನೂ ಸೇರಿಸಿಲ್ಲ."

"ಎರಡನೇ ಪುಟದಲ್ಲಿ ಸರ್ವೆ ನಂಬರ್ ಇದೆ. ಓದಿ."

"ನಲವತ್ತೇಳು ಬಾರ್ ಐದು."

ಪೋಡಿ ಆದ ಮ್ಯುಟೇಶನ್ ಪ್ರತಿ ತೋರಿಸಿ ತಾರೀಕು ಓದಲು ಹೇಳಿದೆ. ಎದುರು ವಕೀಲರು ಎದ್ದು ನಿಂತು ಆಕ್ಷೇಪಿಸಿದರು. ಸಾಕ್ಷಿ ಉತ್ತರ ಕೊಡಲಿ ಅಂದರು ನ್ಯಾಯಾಧೀಶರು. ಅಣ್ಣ 2016 ಅಂತ ಓದಿದ. ಇಲ್ಲದ ನಂಬರ್ ಐದು ವರ್ಷ ಮೊದಲೇ ಹೇಗೆ ಬಂತು ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಕಥೆ ಕಟ್ಟಲು ನಾನೇ ದಾರಿ ಮಾಡಿಕೊಟ್ಟ ಹಾಗಾಗುತ್ತಿತ್ತು. ಉತ್ತರಗಳು ಹೇಳಿದ ಹಾಗೇ ಟೈಪ್ ಆಗಿವೆಯಾ ಅಂತ ನೋಡಿಕೊಂಡು ಕೂತೆ. ಅದನ್ನು ವಾದದ ದಿನ ಎತ್ತಿದೆ.

2023ರಲ್ಲಿ ಪ್ರಾಥಮಿಕ ಡಿಕ್ರಿ, ಅಂದರೆ ಯಾರಿಗೆ ಎಷ್ಟು ಪಾಲು ಅಂತ ಹೇಳುವ ಆದೇಶ ಬಂತು. ಮೂವರಿಗೂ ಮೂರನೇ ಒಂದು ಭಾಗ, ತಲಾ 1 ಎಕರೆ 4 ಗುಂಟೆ. ಡಿಕ್ರಿ ಕೈಗೆ ಬಂದರೆ ಜಮೀನು ಬಂತು ಅಂತ ಅಲ್ಲ. ಅಂತಿಮ ಡಿಕ್ರಿಯ ನಡಾವಳಿ ಬೇರೆ ಇದೆ. ಕಂದಾಯ ಜಮೀನಾದ್ದರಿಂದ ಸಂಹಿತೆಯ 54ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗಳ ಮೂಲಕ ಅಳತೆ ಆಗಿ ಪಾಲು ಬೇರೆಯಾಗಬೇಕು. ದಾವೆ ನಡೆಯುವಾಗ ಯಾರಾದರೂ ಮಾರಿದರೂ ಕೊಂಡವರು ಡಿಕ್ರಿಗೆ ಬದ್ಧರು. ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಇದನ್ನು ಹೇಳುತ್ತದೆ. ಆದರೂ ನಾನು ಆಗಾಗ ಇಸಿ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ ತೋರಿಸುವ ಋಣಭಾರ ಪತ್ರ) ತೆಗೆಸಿ ನೋಡುತ್ತಲೇ ಇದ್ದೇನೆ.

ಮೊದಲಿನ ವಕೀಲರ ಮೇಲೆ ವಕೀಲರ ಕಾಯ್ದೆಯ 35ನೇ ಕಲಂ ಅಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಟ್ಟಿದ್ದೇನೆ. ಗ್ರಾಹಕರ ವೇದಿಕೆಗೆ ಹೋಗುವ ದಾರಿಯನ್ನು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮುಚ್ಚಿದೆ, ಹಾಗಾಗಿ ಉಳಿದ ದಾರಿ ಇದು. ದೂರಿನ ಜೊತೆ ಆರ್ಡರ್ ಶೀಟಿನ ದೃಢೀಕೃತ ನಕಲು, ಖಾಲಿ ಪುಟ ಇದ್ದ ರಾಜಿ ಅರ್ಜಿ, ಅಂಚೆ ಚೀಟಿ ಲಗತ್ತಿಸಿದ್ದೇನೆ. ಪರಿಷತ್ತು ಒಂದು ವರ್ಷದೊಳಗೆ ತೀರ್ಮಾನಿಸದಿದ್ದರೆ ದೂರು ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಅಲ್ಲಿಯೂ ನಾನೇ ನಿಲ್ಲುತ್ತೇನೆ.