ಮೂರು ಬಾಗಿಲಿನ ಅಡುಗೆಮನೆಗೆ ಮೂರು ಕಡೆ ಸ್ವಿಚ್

ಸಾಗರದ ಕಡೆಯ ನಮ್ಮ ಹಳೆ ಮನೆಯ ಅಡುಗೆಮನೆ 22 ಅಡಿ ಉದ್ದ. ಬಾಗಿಲು ಮೂರು: ನಡುಮನೆಗೊಂದು, ಬಚ್ಚಲಿಗೊಂದು, ಹಿತ್ತಲಿಗೊಂದು. ಸ್ವಿಚ್ ಬೋರ್ಡ್ ಮಾತ್ರ ಒಂದೇ, ನಡುಮನೆ ಬಾಗಿಲ ಪಕ್ಕದಲ್ಲಿ. ಅಮ್ಮ ಬೆಳಿಗ್ಗೆ 5 ಗಂಟೆಗೆ ಬಚ್ಚಲ ಒಲೆಗೆ ಬೆಂಕಿ ಹಾಕಿ, ಕತ್ತಲಲ್ಲೇ ಗೋಡೆ ಸವರಿಕೊಂಡು ಅಡುಗೆಮನೆ ದಾಟಿ ಬಂದು ಲೈಟ್ ಹಾಕಬೇಕಿತ್ತು. ಒಂದು ದಿನ ನೆಲದ ಮೇಲಿದ್ದ ಮೆಟ್ಟುಗತ್ತಿ ಕಾಲಿಗೆ ತಾಗಿತು. ಗಾಯ ದೊಡ್ಡದಲ್ಲ. ಆದರೆ 16 ವರ್ಷದಿಂದ ಊರವರ ಮನೆಗೆಲ್ಲ ವೈರಿಂಗ್ ಮಾಡುತ್ತಿರುವ ನಾನು ನಮ್ಮ ಮನೆಯದನ್ನು ಹಾಗೇ ಬಿಟ್ಟಿದ್ದೆ. ಆ ವಾರವೇ ಕೆಲಸ ಶುರು ಮಾಡಿದೆ.

ಮೊದಲ ಎರಡು ದಿನ ವೈರ್ ಮುಟ್ಟಲಿಲ್ಲ. ಸುಮ್ನೆ ಕೂತು ಯಾರು ಎಲ್ಲಿಂದ ಬರುತ್ತಾರೆ, ಕೈಯಲ್ಲಿ ಏನಿರುತ್ತದೆ ಎಂದು ನೋಡಿದೆ. ಹಿತ್ತಲಿಂದ ಬರುವಾಗ ಅಮ್ಮನ ಎರಡೂ ಕೈಯಲ್ಲಿ ಸಾಮಾನು. ಹಾಗಾಗಿ ಅಲ್ಲಿನ ಸ್ವಿಚ್ಚನ್ನು ಮೂರೂವರೆ ಅಡಿ ಎತ್ತರಕ್ಕೆ ಇಳಿಸಿದೆ, ಮೊಣಕೈಯಲ್ಲಿ ಒತ್ತಬಹುದು. ಮಳೆ ಇರಚಲು ತಾಗದ ಹಾಗೆ ಒಳಗೋಡೆಯಲ್ಲೇ ಇಟ್ಟೆ.

ಎಲ್ಲ ಲೈಟನ್ನೂ ಎಲ್ಲ ಕಡೆಯಿಂದ ಹಾಕುವ ಹಾಗೆ ಮಾಡುವ ಆಸೆ ಬಹಳ ಜನಕ್ಕಿರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಒಂದೊಂದು ಬಾಗಿಲಲ್ಲೂ ನಾಲ್ಕು ಸ್ವಿಚ್ ಇದ್ದರೆ ಕತ್ತಲಲ್ಲಿ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ, ಅಲ್ವಾ? ದಾರಿ ಕಾಣಿಸುವ ಎರಡು ಎಲ್‌ಇಡಿ ಟ್ಯೂಬ್‌ಗಳನ್ನು ಜೋಡಿ ಮಾಡಿ ಮೂರೂ ಬಾಗಿಲಿಗೆ ಕೊಟ್ಟೆ. ಅಡುಗೆ ಕಟ್ಟೆಯ ಮೇಲಿನ ಲೈಟಿಗೆ ಎರಡು ಕಡೆ ಸ್ವಿಚ್: ಕಟ್ಟೆಯ ಹತ್ತಿರ, ನಡುಮನೆ ಬಾಗಿಲಲ್ಲಿ. ಸಿಂಕಿನ ಲೈಟಿಗೆ ಸಿಂಕಿನ ಹತ್ತಿರ ಒಂದೇ ಸಾಕು.

ಎರಡು ಕಡೆಯದು ಎಲ್ಲರಿಗೂ ಗೊತ್ತಿರುವ ಮೆಟ್ಟಿಲು ವೈರಿಂಗ್. ಎರಡು ಟೂ ವೇ ಸ್ವಿಚ್, ನಡುವೆ ಎರಡು ವೈರ್. ಟೂ ವೇ ಎಂದರೆ ಕಾಮನ್ ಎಂಬ ಕಾಲನ್ನು (ವೈರ್ ಸಿಕ್ಕಿಸುವ ಜಾಗ) ಆ ಎರಡು ವೈರ್‌ಗಳಲ್ಲಿ ಒಂದಕ್ಕೆ ಸೇರಿಸುವ ಸ್ವಿಚ್. ಮೊದಲನೆಯದರ ಕಾಮನ್‌ಗೆ ಫೇಸ್ (ಕರೆಂಟ್ ಬರುವ ವೈರ್), ಎರಡನೆಯದರ ಕಾಮನ್‌ನಿಂದ ಲೈಟಿಗೆ. ಎರಡು ಸ್ವಿಚ್ಚೂ ಒಂದೇ ವೈರ್ ಹಿಡಿದಿದ್ದರೆ ಲೈಟ್ ಉರಿಯುತ್ತದೆ, ಬೇರೆ ಬೇರೆ ಹಿಡಿದಿದ್ದರೆ ಆರುತ್ತದೆ.

ಮೂರನೇ ಜಾಗ ಬಂದಾಗ ಆ ಎರಡು ವೈರ್‌ಗಳ ನಡುವೆ ಇಂಟರ್‌ಮೀಡಿಯೇಟ್ ಸ್ವಿಚ್ ಕೂರಬೇಕು. ಅದಕ್ಕೆ ಕಾಲುಗಳು ನಾಲ್ಕು. ಒಮ್ಮೆ ಒತ್ತಿದರೆ ಎರಡು ವೈರನ್ನೂ ನೇರ ಬಿಡುತ್ತದೆ, ಇನ್ನೊಮ್ಮೆ ಒತ್ತಿದರೆ ಅದಲು ಬದಲು ಮಾಡುತ್ತದೆ. ಅಷ್ಟೇ ಅದರ ಕೆಲಸ. ನಾಲ್ಕು, ಐದು ಕಡೆ ಬೇಕಾದರೂ ಎರಡು ತುದಿಗೆ ಟೂ ವೇ, ನಡುವೆ ಬೇಕಾದಷ್ಟು ಇಂಟರ್‌ಮೀಡಿಯೇಟ್. ನಮ್ಮಲ್ಲಿ ನಡುಮನೆ ಮತ್ತು ಹಿತ್ತಲ ಬಾಗಿಲು ತುದಿಗಳು, ಬಚ್ಚಲ ಬಾಗಿಲು ನಡುವಿನದು. ಅಂಗಡಿಯಲ್ಲಿ ಈ ಸ್ವಿಚ್ ಇರಲಿಲ್ಲ. "ಟೂ ವೇನೇ ಹಾಕಿ, ನಡೀತದೆ" ಎಂದರು. ನಡೆಯುವುದಿಲ್ಲ. ತರಿಸಿಕೊಡಿ ಎಂದು ಹೇಳಿ ನಾಲ್ಕು ದಿನ ಕಾದೆ. ಬಂದ ಮೇಲೆ ನಾಲ್ಕು ಕಾಲಲ್ಲಿ ಯಾವೆರಡು ಒಂದು ಜೋಡಿ ಎಂದು ಮಲ್ಟಿಮೀಟರ್‌ನಲ್ಲಿ ನೋಡಿಕೊಂಡೆ. ಒಂದೊಂದು ಕಂಪನಿಯದು ಒಂದೊಂದು ಥರ ಇರುತ್ತದೆ. ಊಹೆ ಮಾಡಿ ಸಿಕ್ಕಿಸಿದರೆ ಒಂದು ಕಡೆ ಒತ್ತಿದಾಗ ಉರಿದು ಇನ್ನೊಂದು ಕಡೆ ಒತ್ತಿದಾಗ ಕೆಲಸ ಮಾಡದೆ ಹೋಗುತ್ತದೆ.

ಮಣ್ಣಿನ ಗೋಡೆ ಕೊರೆಯಲು ಮನಸ್ಸಾಗಲಿಲ್ಲ. ಮೇಲಿನಿಂದಲೇ ಕೇಸಿಂಗ್ ಪಟ್ಟಿ ಹೊಡೆದು ಒಂದೂವರೆ ಚದರ ಎಂಎಂ ತಾಮ್ರದ ವೈರ್ ಎಳೆದೆ. ಫೇಸ್ ಕೆಂಪು, ಸ್ವಿಚ್‌ಗಳ ನಡುವೆ ಓಡಾಡುವ ಜೋಡಿ ಹಳದಿ ಮತ್ತು ನೀಲಿ, ಲೈಟಿಗೆ ಹೋಗುವುದು ಬಿಳಿ, ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಕಪ್ಪು, ಅರ್ಥ್ ಹಸಿರು. ಬಣ್ಣ ಉಳಿಸಲು ಹೋಗಬೇಡಿ. ಎಲ್ಲವೂ ಕೆಂಪಾದರೆ ಮೂರನೇ ಬೋರ್ಡ್ ಬಿಚ್ಚುವ ಹೊತ್ತಿಗೆ ತಲೆ ಕೆಡುತ್ತದೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಲೇಬೇಕು. ವೈರ್ ಉಳಿಸಲು ಕೆಲವರು ಎರಡೂ ಸ್ವಿಚ್‌ಗೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕೊಟ್ಟು, ಎರಡು ಕಾಮನ್‌ಗಳನ್ನು ಲೈಟಿಗೆ ಎಳೆಯುತ್ತಾರೆ. ಹಳೆ ಮನೆಗಳಲ್ಲಿ ಇಂಥದ್ದನ್ನು ನಾನೇ ಬಿಚ್ಚಿದ್ದೇನೆ. ಲೈಟ್ ಉರಿಯುತ್ತದೆ, ಆರುತ್ತದೆ. ಆದರೆ ಆರಿದಾಗಲೂ ಹೋಲ್ಡರ್‌ನ ಎರಡೂ ಪಿನ್ನಿನಲ್ಲಿ 230 ವೋಲ್ಟ್ ಇರಬಹುದು. ಆರಿದೆ ಎಂದು ಬಲ್ಬ್ ಬದಲಿಸಲು ಕೈ ಹಾಕಿದವರ ಗತಿ ಏನು? ನ್ಯೂಟ್ರಲ್ ನೇರವಾಗಿ ಲೈಟಿಗೇ ಹೋಗಬೇಕು. ಸ್ವಿಚ್‌ಗಳ ಮೂಲಕ ಫೇಸ್ ಮಾತ್ರ ಹಾಯಬೇಕು. ಪಕ್ಕದ ಬೇರೆ ಲೈನಿನ ನ್ಯೂಟ್ರಲ್ ಸಾಲ ತಂದರೂ ತೊಂದರೆಯೇ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳುತ್ತಲೇ ಇರಬಹುದು.

ಕೆಲಸ ಮುಗಿದ ರಾತ್ರಿ ಅಮ್ಮ ಕರೆದು, "ನೋಡೋ, ಆರಿಸಿದ್ರೂ ಮಿಣುಕ್ತಾ ಇದೆ" ಎಂದಳು. ಎರಡು ಟ್ಯೂಬ್‌ಗಳಲ್ಲಿ ಒಂದು ಮಂಕಾಗಿ ಹೊಳೆಯುತ್ತಿತ್ತು. ನ್ಯೂಟ್ರಲ್ ಎಲ್ಲಾದರೂ ಸ್ವಿಚ್‌ಗೆ ಹೋಗಿದೆಯೇ ಎಂದು ಮೊದಲು ನೋಡಿದೆ, ಇರಲಿಲ್ಲ. ಕಾರಣ ಆ ಹಳದಿ, ನೀಲಿ ಜೋಡಿಯೇ. ಒಂದೇ ಪಟ್ಟಿಯೊಳಗೆ ಅಂಟಿಕೊಂಡು ಅಷ್ಟು ದೂರ ಹೋಗುವಾಗ, ಕರೆಂಟ್ ಇರುವ ವೈರಿನ ಪ್ರಭಾವ ಪಕ್ಕದ ಖಾಲಿ ವೈರಿನ ಮೇಲೆ ಚೂರು ಬೀಳುತ್ತದೆ. ಎಲ್‌ಇಡಿಗೆ ಅಷ್ಟು ಸಾಕು. ಆ ಟ್ಯೂಬ್ ತೆಗೆದು ಒಳ್ಳೆ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಹದ ಮಾಡಿ ಕೊಡುವ ಭಾಗ) ಇರುವ ಇನ್ನೊಂದನ್ನು ಹಾಕಿದೆ, ನಿಂತಿತು.

ಮಳೆಗಾಲದಲ್ಲಿ ಇನ್ನೊಂದು ಗೊತ್ತಾಯಿತು. ಇಂಥ ವೈರಿಂಗ್‌ನಲ್ಲಿ ಸ್ವಿಚ್ ಮೇಲಿದೆಯೋ ಕೆಳಗಿದೆಯೋ ನೋಡಿ ಲೈಟ್ ಹಾಕಿದೆಯೋ ಇಲ್ಲವೋ ಹೇಳಲಾಗುವುದಿಲ್ಲ. ಕರೆಂಟ್ ಹೋದಾಗ ಯಾರಾದರೂ ಒತ್ತಿ ಮರೆತರೆ, ಅಪರಾತ್ರಿಯಲ್ಲಿ ಕರೆಂಟ್ ಬಂದಾಗ ಅಡುಗೆಮನೆ ಬೆಳಗುತ್ತದೆ. ಅದಕ್ಕಿಂತ ಮುಖ್ಯ, ಟ್ಯೂಬ್ ಬದಲಿಸುವಾಗ ಸ್ವಿಚ್ಚನ್ನು ನಂಬಲೇಬಾರದು. ಎಂಸಿಬಿ (ಆ ಲೈನಿನ ಕರೆಂಟ್ ಪೂರ್ತಿ ಕಡಿಯುವ ಸ್ವಿಚ್) ಕೆಳಗೆ ಹಾಕಿ, ಟೆಸ್ಟರ್ ಇಟ್ಟು ನೋಡಿಯೇ ಮುಟ್ಟಬೇಕು.

ಎಂಸಿಬಿ ಬಾಕ್ಸಿನ ಮುಚ್ಚಳದ ಒಳಗೆ ಒಂದು ಚಿತ್ರ ಬರೆದು ಅಂಟಿಸಿದ್ದೇನೆ. ಮೂರು ಬಾಗಿಲು, ಮೂರು ಸ್ವಿಚ್, ಯಾವ ಬಣ್ಣದ ವೈರ್ ಎಲ್ಲಿಂದ ಎಲ್ಲಿಗೆ ಎಂದು. ಮುಂದೆ ಈ ಬೋರ್ಡ್ ಬಿಚ್ಚುವವನು ನಾನೇ ಆಗಿರಬೇಕೆಂದೇನಿಲ್ಲವಲ್ಲ.